‘ಸಂಜೆ ಹಾಲು’ ಕೆಡಿಸಿದ ಹನ್ನೊಂದು ಮಂದಿ

“ಹೆಸರು ಹನ್ನೊಂದಿರ್ಬೋದು ಗುರು, ಕೈ ಒಂದೇ. ನಿಮ್ಮ ಕಡೆಯೋನೇ ಯಾವನೋ ನಿನ್ ಮೇಲೆ ಹಲ್ಲು ಮಸೀತಾವ್ನೆ,” ಎಂದು ಥಿಯೇಟರ್ ಮ್ಯಾನೇಜರ್ ಚಲಪತಿ ತನ್ನ ಮೊಬೈಲನ್ನು ಕೆಂಪರಾಜುವಿನ ಮೂಗಿನ ಹತ್ತಿರ ಹಿಡಿದ.

ನಂದಗುಡಿ ಕಡೆಯ ಕೆಂಪರಾಜು ಆರು ವರ್ಷ ಒದ್ದಾಡಿ ‘ಸಂಜೆ ಹಾಲು’ ಎಂಬ ಸಿನಿಮಾ ಮಾಡಿದ್ದ. ಪೇಪರಿನ ವಿಮರ್ಶಕರು ಯಾರೂ ಅತ್ತ ತಲೆ ಹಾಕಲಿಲ್ಲ. ಉಳಿದದ್ದು ಹೊಸಕೋಟೆಯ ಈ ಒಂದು ಮಧ್ಯಾಹ್ನದ ಆಟ, ಮತ್ತು ‘ಚಿತ್ರತಕ್ಕಡಿ’. ಜನ ಬರೆದ ವಿಮರ್ಶೆಗಳನ್ನೆಲ್ಲ ಒಟ್ಟುಹಾಕಿ, ಐದಕ್ಕೆ ಇಷ್ಟು ಎಂದು ಅಂಕ ಕೊಡುವ ಜಾಲತಾಣ ಅದು. ಮೊದಲ ವಾರದಲ್ಲೇ ಎಂಬತ್ತನಾಲ್ಕು ಜನ ಐದಕ್ಕೆ ಐದು ಸ್ಟಾರು ಕೊಟ್ಟಿದ್ದರು. ಆಮೇಲೆ ಎಲ್ಲಿಂದಲೋ ಈ ಹನ್ನೊಂದು ಮಂದಿ ವಕ್ಕರಿಸಿದರು. ಕೆಲವರದ್ದು ಮೂರು, ಕೆಲವರದ್ದು ನಾಲ್ಕು, ಯಾರದ್ದೂ ಐದಿಲ್ಲ. ಈಗ ಅಂಕ ಇರಬೇಕಾದ ಜಾಗದಲ್ಲಿ ಬರೀ ‘ಪರಿಶೀಲನೆಯಲ್ಲಿದೆ’.

“ನಾಳೆ ಸಂಜೆಯೊಳಗೆ ಮೂರರ ಮೇಲೆ ಬಂದ್ರೆ ಇನ್ನೊಂದು ವಾರ ಓಡಿಸ್ತೀನಿ. ಇಲ್ಲಾಂದ್ರೆ ಶುಕ್ರವಾರ ಎತ್ತಿಬಿಡ್ತೀನಿ. ಬೇಜಾರ್ ಮಾಡ್ಕೋಬೇಡ.”

ಮನೆಗೆ ಬಂದಾಗ ಹೆಂಡತಿ ಜ್ಯೋತಿಲಕ್ಷ್ಮಿ ಲ್ಯಾಕ್ಟೋಮೀಟರ್ ಒರೆಸುತ್ತಿದ್ದಳು. ಊರ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವವಳು ಅವಳು. ಕೆಲಸ ಬಿಟ್ಟು ಬರಲಾಗದು ಎಂದು ಬಿಡುಗಡೆಯ ದಿನವೂ ಥಿಯೇಟರಿಗೆ ಬಂದಿರಲಿಲ್ಲ. ಆದರೆ ಮೊನ್ನೆ ಸೋಮವಾರ ಹೊಸಕೋಟೆಯಲ್ಲಿ ಡೇರಿ ತರಬೇತಿ ಎಂದಾಗ ಹಾಲು ಹಾಕುವ ಹೆಂಗಸರ ಜೊತೆ ಟೆಂಪೋ ಮಾಡಿಕೊಂಡು ಹೋಗಿದ್ದಳು. ಆ ಮುನಿಸು ಕೆಂಪರಾಜುವಿಗೆ ಇನ್ನೂ ಇತ್ತು.

“ಕೇಳೇ ಇಲ್ಲಿ. ‘ಆ ಹುಡುಗಿ ಕೆಚ್ಚಲು ತೊಳೆಯದೆ ಹಾಲು ಕರೀತಾಳೆ.’ ಇನ್ನೊಂದು, ‘ಸಂಜೆ ಹೊತ್ತು ಡೇರಿ ಮುಂದೆ ಒಂದು ನರಪಿಳ್ಳೆ ಇಲ್ಲ. ಆ ಊರಲ್ಲಿ ಹಸುಗಳಿಗೂ ಭಾನುವಾರ ರಜವಾ?’ ಸಿನಿಮಾ ನೋಡೋರು ಹಿಂಗೆ ಬರೀತಾರಾ? ಬೇಕೂಂತ ಕೊಂಕು ತೆಗ್ದವ್ರೆ!”

ಮುಂದೆ ಓದಲಾಗದೆ ಫೋನನ್ನು ಮಂಚದ ಮೇಲೆಸೆದ.

ಜ್ಯೋತಿಲಕ್ಷ್ಮಿ ಗಾಜಿನ ಕಡ್ಡಿಯನ್ನು ಬೆಳಕಿಗೆ ಹಿಡಿದು ನೋಡಿದಳು. “ಬೇರೆ ಬೇರೆ ಮನೆ ಹಾಲು ಒಂದೇ ಡಿಗ್ರಿ ತೋರಿಸಿದ್ರೆ ನಂಗೆ ಅನುಮಾನ ರೀ. ಒಬ್ಬರೇ ಯಾರೋ ಕೂತ್ಕೊಂಡು ನೀರು ಬೆರೆಸವ್ರೆ ಅಂತ.”

“ಅದೇ ನಾನೂ ಹೇಳ್ತಿರೋದು! ಕೈ ಒಂದೇ!”

“ಹೂಂ. ಯಾರ ಕೈ ಅಂತ ಯೋಚ್ನೆ ಮಾಡಿ.”

ಯೋಚಿಸಿದ. ಬೆಳಗಾಗುವಷ್ಟರಲ್ಲಿ ಹೆಸರು ಸಿಕ್ಕಿತ್ತು: ಮುನಿಕೃಷ್ಣ. ಜೊತೆಯಲ್ಲಿ ಓದಿದವನು, ಮನೆಯಲ್ಲಿ ಎರಡು ಹಸು ಕಟ್ಟಿದವನು, ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ. ಸಿನಿಮಾದಲ್ಲಿ ಅವನದ್ದೊಂದು ಪುಟ್ಟ ಪಾರ್ಟು ಇತ್ತು. ಕೊನೆಗೆ ಕತ್ತರಿ ಬಿದ್ದಿತ್ತು.

ಗುರುವಾರ ಮಧ್ಯಾಹ್ನ ಶಿಫ್ಟ್ ಬಿಡುವ ಹೊತ್ತಿಗೆ ಕೆಂಪರಾಜು ಗೇಟಿನ ಮುಂದೆ ಬೈಕ್ ನಿಲ್ಲಿಸಿದ್ದ.

“ಪಾರ್ಟು ಕಟ್ ಮಾಡಿದ್ದಕ್ಕೆ ಹಿಂಗಾ ತೀರಿಸ್ಕೊಳ್ಳೋದು? ಹನ್ನೊಂದು ಕಳ್ಳ ಹೆಸರಿಟ್ಕೊಂಡು?”

ಮುನಿಕೃಷ್ಣ ಫೋನ್ ತೆಗೆದು ತೋರಿಸಿದ. ಐದು ಸ್ಟಾರು. ‘ಅದ್ಭುತ ಚಿತ್ರ. ಕುಟುಂಬ ಸಮೇತ ನೋಡಿ.’

“ನೀನು ವಾಟ್ಸಾಪ್ ಗ್ರೂಪಿಗೆ ಬರ್ದು ಹಾಕಿದ್ಯಲ್ಲ, ಹಂಗಂಗೇ ಒತ್ತಿದೀನಿ. ನಮ್ ಶಿಫ್ಟ್‌ನೋರ ಕೈಲೂ ಒತ್ತಿಸ್ದೆ ಕಣೋ, ಇಪ್ಪತ್ತು ಜನದ ಕೈಲಿ.”

ಕೆಂಪರಾಜುವಿನ ದನಿ ಇಳಿಯಿತು. “ಪಿಚ್ಚರ್ ಹೆಂಗಿತ್ತು?”

“ಎಲ್ಲೋ ನೋಡ್ಲಿ? ಶಿಫ್ಟ್ ಇತ್ತಲ್ಲ,” ಎಂದವನು ಮುಖ ತಿರುಗಿಸಿ ಬಸ್ಸು ಹತ್ತಿದ.

ಸಂಜೆ ಡೇರಿಯ ಮುಂದೆ ಬೈಕ್ ಇಳಿಯುವಾಗ ಫೋನ್ ಗುಂಯ್‌ಗುಟ್ಟಿತು. ಚಿತ್ರತಕ್ಕಡಿಯಿಂದ ಪತ್ರ. ‘ಅಕ್ಷರಕ್ಕಕ್ಷರ ಒಂದೇ ಆಗಿರುವ ಎಂಬತ್ತನಾಲ್ಕು ವಿಮರ್ಶೆಗಳನ್ನು ನಕಲಿಯೆಂದು ಅಳಿಸಿದ್ದೇವೆ. ಟಿಕೆಟ್ ಸಮೇತ ಖಚಿತವಾದ ಹನ್ನೊಂದನ್ನು ಮಾತ್ರ ಉಳಿಸಿಕೊಂಡಿದ್ದೇವೆ. ಅಂಕ: 3.4.’

ನಿಂತಲ್ಲೇ ನಿಂತು, ನಿನ್ನೆ ಅರ್ಧಕ್ಕೆ ಬಿಟ್ಟಿದ್ದ ವಿಮರ್ಶೆಯನ್ನು ಕೊನೆತನಕ ಓದಿದ. ‘ಆದರೆ ಆ ಅಜ್ಜಿ ಖಾಲಿ ಕ್ಯಾನು ತೊಳೆದು ಬೋರಲು ಹಾಕುವಾಗ ನಾವೆಲ್ಲ ಸಾಲಾಗಿ ಕೂತು ಅತ್ತುಬಿಟ್ಟೆವು.’

ಕೌಂಟರಿನ ಹತ್ತಿರ ಓಡಿದ. “ಜ್ಯೋತಿ, ಶೋ ಉಳೀತು ಕಣೇ! ಯಾರೋ ಪುಣ್ಯಾತ್ಮರು, ಹನ್ನೊಂದು ಜನ ನಿಜವಾಗ್ಲೂ ನೋಡವ್ರೆ!”

“ಹೌದಾ? ಒಳ್ಳೇದಾಯ್ತು ಬಿಡಿ,” ಎಂದಳು ತಲೆಯೆತ್ತದೆ.

ಸಾಲಿನ ಮುಂದಿದ್ದ ದ್ಯಾವಮ್ಮ ಕ್ಯಾನನ್ನು ಕಟ್ಟೆಯ ಮೇಲೆ ಕುಕ್ಕಿದಳು. “ಲೇ ಕೆಂಪರಾಜು, ಮುಂದಿನ ಪಿಚ್ಚರ್‌ನಾಗಾದ್ರೂ ಆ ಹುಡ್ಗಿ ಕೈಲಿ ಕೆಚ್ಚಲು ತೊಳಸಪ್ಪಾ.”

ಅವಳ ಹಿಂದೆ ಸಾಲಿನಲ್ಲಿದ್ದ ಒಂಬತ್ತು ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಹನ್ನೊಂದನೆಯವಳು ಲ್ಯಾಕ್ಟೋಮೀಟರನ್ನು ಹಾಲಿಗೆ ಬಿಟ್ಟು, ಡಿಗ್ರಿ ನೋಡತೊಡಗಿದಳು.