ಹಿಂದಿನ ಚಕ್ರ ಬಿಸಿ

ನೋಡಿ ಸ್ವಾಮಿ, ಸ್ಪ್ಯಾನರ್ ಮುಟ್ಟದೆ ಕಾರಿನ ಬ್ರೇಕ್ ಸರಿಮಾಡಿದ ಗಂಡು ಇಡೀ ತುಮಕೂರು ಜಿಲ್ಲೆಗೆ ಒಬ್ಬನೇ. ಅದು ನಾನು, ಶೆಟ್ಟಿಹಳ್ಳಿ ಗುರುಪ್ರಕಾಶ್. ಈ ಕೈ ತಾಗಿದರೆ ಜಾಮ್ ಆದ ಚಕ್ರವೂ ಬುಗುರಿ. ನಂಬಿಕೆ ಇಲ್ಲದವರು ಗುಬ್ಬಿಗೆ ಹೋಗಿ ನಮ್ಮ ಸೋದರಮಾವ ಮಹಾದೇವಯ್ಯನವರನ್ನು ಕೇಳಿಕೊಂಡು ಬನ್ನಿ, ನಾನು ಇಲ್ಲೇ ಕಾಯುತ್ತಿರುತ್ತೇನೆ.

ಆ ಭಾನುವಾರ ಅಮ್ಮ, ಲೈಸೆನ್ಸ್ ಬಂದಮೇಲೆ ಮೊದಲ ಸಲ, ತಾನೇ ಕಾರು ಓಡಿಸಿಕೊಂಡು ಗುಬ್ಬಿಯ ತವರಿಗೆ ಹೊರಟಿದ್ದಳು. ನೀನು ಓಡಿಸುವುದಾ, ಸುಮ್ಮನೆ ಬಸ್ಸಿಗೆ ಬಾ, ಸ್ಟ್ಯಾಂಡಿಗೆ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಮಾವ ಫೋನಿನಲ್ಲಿ ನಕ್ಕಿದ್ದರು. ಆ ನಗುವಿಗೆ ಉತ್ತರ ಕೊಡಲೆಂದೇ ಅಮ್ಮ ಹೊಸ ಸೀರೆ ಉಟ್ಟಿದ್ದಳು. ಅಪ್ಪನ ಅಮ್ಮ ಕಲ್ಲಮ್ಮಜ್ಜಿ ಬೆಳಗ್ಗೆಯೇ ಕಾರಿಗೆ ಪೂಜೆ ಮಾಡಿ, ಮೀಟರಿನ ಗಾಜಿಗೂ ಮೂರು ಬೆರಳಿನ ವಿಭೂತಿ ದಪ್ಪವಾಗಿ ಎಳೆದು, ಹ್ಯಾಂಡ್‌ಬ್ರೇಕಿನ ಮೇಲೆ ಚೆಂಡುಹೂವಿನ ಹಾರ ರಾಶಿ ಹಾಕಿ, ಹಿಂದಿನ ಸೀಟಿನಲ್ಲಿ ಹೈಕಮಾಂಡ್ ಥರ ಕೂತಿದ್ದಳು.

ಹೆಗ್ಗೆರೆ ದಾಟುವಷ್ಟರಲ್ಲಿ ಕಾರಿಗೆ ಏನೋ ಆಯಿತು. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಮಾತ್ರ ಕೂಗುತ್ತದೆ. ಕಾಲು ತೆಗೆದರೆ ಕಾರು ಉರುಳುವುದಿಲ್ಲ, ಕೆಸರಿಗಿಳಿದ ಎಮ್ಮೆಯಂತೆ ನಿಂತೇಬಿಡುತ್ತದೆ. ಎಳನೀರು ತುಂಬಿದ ಲಗೇಜ್ ಆಟೊ ನಮ್ಮನ್ನು ಹಿಂದೆ ಹಾಕಿತು, ಅದರ ಮೇಲೆ ಕೂತವನು ಅಮ್ಮನಿಗೆ ಟಾಟಾ ಬೇರೆ ಮಾಡಿದ. ಮಲ್ಲಸಂದ್ರದ ಹತ್ತಿರ ಸುಟ್ಟ ವಾಸನೆ ಬಂತು. ಅಮ್ಮ ಕಾರನ್ನು ಪಕ್ಕಕ್ಕೆ ನಿಲ್ಲಿಸಿದಳು.

ಹೀರೋ ಎಂಟ್ರಿ ಅಲ್ಲೇ. ಸ್ಲೋ ಮೋಷನ್ನಿನಲ್ಲಿ ಇಳಿದು, ಕೂಲಿಂಗ್ ಗ್ಲಾಸ್ ತಲೆಗೇರಿಸಿ, ನಾಲ್ಕೂ ಚಕ್ರಗಳ ಹತ್ತಿರ ಅಂಗೈ ಹಿಡಿದು ನೋಡಿದೆ. ಮುಂದಿನವು ಬೆಚ್ಚಗೆ. ಹಿಂದಿನವು ಎರಡೂ ದೋಸೆ ಹೆಂಚು. ಹನಿ ನೀರು ಚಿಮುಕಿಸಿದರೆ ಚುಂಯ್ ಅನ್ನುತ್ತವೆ. ಎಲ್ಲರನ್ನೂ ಇಳಿಸಿ, ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಹಿಂದಿನದೊಂದನ್ನು ಜಾಕ್ ಮೇಲೆ ಎತ್ತಿ ಕೈಯಲ್ಲಿ ತಿರುಗಿಸಿದೆ. ಅರ್ಧ ಸುತ್ತೂ ಬರಲಿಲ್ಲ.

"ಕಾಯಿಲೆ ಸಿಕ್ತಮ್ಮ. ಬ್ರೇಕ್ ಹಿಡ್ಕೊಂಬಿಟ್ಟಿದೆ."

"ಹ್ಯಾಂಡ್‌ಬ್ರೇಕ್ ಇರ್ಬೋದೇನೋ, ಒಂದ್ಸಲ ನೋಡೋ."

"ನೀನು ಇಳಿಸ್ಲಿಲ್ವಾ?"

"ಹೊರಡೋವಾಗ್ಲೇ ಇಳಿಸಿದೀನಿ ಕಣೋ."

"ಮತ್ತೆ? ಪೇಷಂಟ್ ಕಡೆಯೋರು ಡಾಕ್ಟ್ರಿಗೆ ಬುದ್ಧಿ ಹೇಳ್ಬಾರ್ದು. ಒಳಗಡೆ ಬ್ರೇಕ್ ಶೂ ಜಾಮ್ ಆಗಿದೆ. ಬಿಚ್ಬೇಕು. ಸತ್ಯಮಂಗಲದಿಂದ ಮೆಕ್ಯಾನಿಕ್ ಬರ್ಬೇಕು. ಸಂಜೆ ಆಗುತ್ತೆ."

ಅಷ್ಟರಲ್ಲಿ ಮಾವನ ಫೋನ್. ವಿಷಯ ತಿಳಿದು, ಅಲ್ಲೇ ಇರಿ, ಬೈಕ್ ತರುತ್ತೇನೆ ಎಂದರು. ಹಿಂದೆಯೇ ಅದೇ ನಗು. ಅಮ್ಮ ಬೇಡವೆಂದು ಫೋನ್ ಇಟ್ಟಳು.

"ಇವತ್ತು ಅಣ್ಣನ ಬೈಕ್ ಹಿಂದೆ ಕೂತ್ಕೊಂಡು ಹೋದ್ರೆ, ಇನ್ನೆಂದೂ ಈ ಕಾರಿನ ಕೀ ಮುಟ್ಟಲ್ಲ ಕಣೋ ನಾನು."

ನಾನು ಮೊಬೈಲಿನಲ್ಲಿ ಮೆಕ್ಯಾನಿಕ್ ನಂಬರ್ ಹುಡುಕತೊಡಗಿದೆ. ಅಜ್ಜಿ ಮಾತ್ರ, ಕಾರಿಗೆ ದೃಷ್ಟಿಯಾಗಿದೆ, ಹೂವಿನ ಕೆಳಗೆ ಪೂಜೆ ಕಾಯಿ ಇದೆ, ತಂದು ಮುಂದಿನ ಚಕ್ರದ ಹತ್ತಿರ ಒಡೆ ಎಂದಳು. ಬೇರೆ ದಾರಿಯಿಲ್ಲದೆ ತಂದು ಒಡೆದೆ. ಈಗ ತಿರುಗಿಸು ಎಂದಳು. ಕಾಯಿಗೂ ಬ್ರೇಕಿಗೂ ಸಂಬಂಧವಿಲ್ಲವೆಂದು ತೋರಿಸಲು ಎತ್ತಿದ್ದ ಚಕ್ರಕ್ಕೆ ಒಂದು ಏಟು ಕೊಟ್ಟೆ. ತಿರುಗಿತು. ತಿರುಗುತ್ತಲೇ ಇತ್ತು. ಅಜ್ಜಿ ಕೈಮುಗಿದಳು.

ಗುಬ್ಬಿಯ ಮನೆ ಗೇಟಿನ ಮುಂದೆ ಅಮ್ಮ ಹೊಡೆದ ಹಾರನ್ನಿಗೆ ಬೀದಿಯೇ ಹೊರಗೆ ಬಂತು. ಮಾವ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ನಗಲಿಲ್ಲ. "ಸಂಜೆ ನನ್ನೂ ಒಂದು ರೌಂಡ್ ಕರ್ಕೊಂಡೋಗಮ್ಮ" ಎಂದರು. ಅಮ್ಮ ತಲೆ ಬಗ್ಗಿಸಿ ನಕ್ಕಳು, ಮದುವೆ ಫೋಟೊದಲ್ಲಿ ನಕ್ಕಂತೆ. ನಾನು ಕಾಫಿ ಹೀರುತ್ತಾ, ನಡುರಸ್ತೆಯಲ್ಲಿ ಚಕ್ರ ಬಿಚ್ಚದೆ ಶೂ ಸರಿಮಾಡಿದ ಕಥೆಯನ್ನು ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಸಮೇತ ಹೇಳಿದೆ. ಕೇಳುತ್ತಿದ್ದ ಪಕ್ಕದ ಮನೆಯ ಓಬಳಯ್ಯ ಎದ್ದುಹೋಗಿ ತಮ್ಮ ಕಾರನ್ನೇ ತಂದು ನಿಲ್ಲಿಸಿದರು. ಅದರ ಬ್ರೇಕೂ ಹಿಡಿದುಕೊಳ್ಳುತ್ತಿದೆಯಂತೆ. ಯಾರೋ ಜಾಕ್ ಕೂಡ ಕೊಟ್ಟರು.

ಈಗ ನಿಮಗೆ ಮಾತ್ರ ನಿಜ ಹೇಳುತ್ತೇನೆ. ಪೂಜೆ ಕಾಯಿ ಕಾಲಿಗೆ ತಾಗಬಾರದು, ಜನ ಕೂರುವ ಸೀಟಿನ ಮೇಲೂ ಇರಬಾರದು, ಉರುಳಲೂಬಾರದು. ಅದಕ್ಕೇ ಅಜ್ಜಿ, ಮೇಲೆತ್ತಿದ್ದ ಹ್ಯಾಂಡ್‌ಬ್ರೇಕ್ ಲಿವರಿನ ಅಡಿಗೆ ಅದನ್ನು ಭದ್ರವಾಗಿ ಸಿಕ್ಕಿಸಿ ಹಾರ ಮುಚ್ಚಿದ್ದಳು. ಅಮ್ಮ ಲಿವರ್ ಇಳಿಸಿದ್ದು ನಿಜ. ಅದು ಇಳಿದದ್ದು ಕಾಯಿಯವರೆಗೆ ಮಾತ್ರ. ಕೆಂಪು ದೀಪ ಪಾಪ ಉರಿಯುತ್ತಲೇ ಇತ್ತು, ವಿಭೂತಿಯ ಹಿಂದೆ. ಒಡೆಯಲು ತರುವಾಗ, ಕಾಯಿ ಬಿಗಿಯಾಗಿ ಕೂತಿದೆಯೆಂದು ಲಿವರಿನ ಗುಂಡಿ ಒತ್ತಿ ಅದನ್ನು ಹೊರಗೆಳೆದವನು ನಾನು. ಲಿವರ್ ಟಕ್ಕೆಂದು ಕೆಳಗೆ ಬಿದ್ದದ್ದನ್ನು ಕೇಳಿಸಿಕೊಂಡವಳು ಅಮ್ಮ. ನನ್ನ ತಲೆಗೆ ಅದು ಹೊಳೆದದ್ದು ಚಕ್ರ ತಿರುಗಿದ ಮೇಲೆ. ರಿಪೇರಿ ಅಂತ ನಾನು ಮಾಡಿದ್ದು ಅಷ್ಟೇ.

ಆದರೆ ಅಮ್ಮನೂ ಬಾಯಿ ಬಿಡುವಂತಿಲ್ಲ. ಹ್ಯಾಂಡ್‌ಬ್ರೇಕ್ ಹಾಕಿಕೊಂಡೇ ತವರಿಗೆ ಹೊರಟವಳು ಎಂದು ಮಾವ ಸಾಯುವವರೆಗೂ ನಗುತ್ತಾರೆ. ಹಾಗಾಗಿ, ನಾನು ಓಬಳಯ್ಯನವರ ಕಾರಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಮುಂದೇನೆಂದು ತಿಳಿಯದೆ ಟೈರ್ ತಟ್ಟುತ್ತಿದ್ದಾಗ, ಅವಳು ಒಳಗಿನಿಂದ ಒಂದು ಕುರ್ಚಿ ತಂದು ನನ್ನೆದುರಿಗೇ ಹಾಕಿಕೊಂಡಳು. ಸೆರಗು ಸರಿಮಾಡಿಕೊಂಡು, ಕಾಲಮೇಲೆ ಕಾಲು ಹಾಕಿ ಕೂತಳು.

"ಹೂಂ, ಶುರು ಮಾಡಿ ಡಾಕ್ಟ್ರೇ," ಎಂದಳು.