ನಾಲ್ಕನೆಯ ಸಂಖ್ಯೆ

ಐದರ ಹಿಂದಿನ ಸಂಖ್ಯೆಗಳನ್ನೆಲ್ಲ ಗುಣಿಸಿ ಒಂದು ಕೂಡಿಸಿದರೆ ಇಪ್ಪತ್ತೈದು. ಅದನ್ನು ಐದರಿಂದ ಎರಡು ಸಲ ಭಾಗಿಸಿದರೂ ಶೇಷ ಉಳಿಯುವುದಿಲ್ಲ. ಇಂಥ ಅವಿಭಾಜ್ಯ ಸಂಖ್ಯೆಗಳು ಈವರೆಗೆ ಸಿಕ್ಕಿರುವುದು ಮೂರೇ: ಐದು, ಹದಿಮೂರು, ಐನೂರ ಅರವತ್ತಮೂರು. ನಾಲ್ಕನೆಯದಕ್ಕಾಗಿ ವೈದೇಹಿ ಹಾಕಿದ ಲೆಕ್ಕ ಆರುನೂರ ಒಂದಕ್ಕೆ ನಿಂತಿತ್ತು. ಅದೇ ವರ್ಷ ಅವಳು ಡೆಂಗಿ ಜ್ವರದಲ್ಲಿ ತೀರಿಕೊಂಡಳು.

ಆಮೇಲೆ ಮೂರು ವರ್ಷ, ಸಂಜೆಯಾದರೆ ಅವಳ ಅಪ್ಪ ಕ್ಯಾಲ್ಕುಲೇಟರ್ ಹಿಡಿದು ಗುಣಿಸುತ್ತಿದ್ದರು, ಅಮ್ಮ ಮಗಳ ನೋಟ್‌ಬುಕ್ಕಿನಲ್ಲಿ ಶೇಷ ಬರೆಯುತ್ತಿದ್ದರು. ಮಗಳ ಕೆಲಸ ಅರ್ಧಕ್ಕೆ ನಿಲ್ಲಬಾರದೆಂಬ ಹಟ ಅಪ್ಪನದು.

ಇವತ್ತು ಅವರು ಕ್ಯಾಲ್ಕುಲೇಟರ್ ಮುಟ್ಟಲಿಲ್ಲ.

"ಯಾಕ್ರೀ? ಸಾವಿರದ ನೂರ ಒಂಬತ್ತು ಇನ್ನೂ ಮುಗಿದಿಲ್ಲ."

ಹೆಂಡತಿಗೆ ಹೇಗೆ ಹೇಳುವುದೆಂದು ಅವರು ದಾರಿಯುದ್ದಕ್ಕೂ ಯೋಚಿಸಿದ್ದರು.

"ಒಂದು ಗುಣಾಕಾರದಲ್ಲಿ ಅನುಮಾನ ಬಂದು ಅವಳ ಕಾಲೇಜಿಗೆ ಹೋಗಿದ್ದೆ ಕಣೇ. ಲಕ್ಷ ಕೋಟಿ ದಾಟೋವರೆಗೂ ಕಂಪ್ಯೂಟರಲ್ಲಿ ಯಾವತ್ತೋ ಹುಡುಕಿಬಿಟ್ಟಿದಾರಂತೆ. ನಾಲ್ಕನೇದು ನಮ್ಮ ಕೈಗೆ ಎಟುಕೋ ಕಡೆ ಎಲ್ಲೂ ಇಲ್ಲ. ಪಾಪ, ಮಗೂಗೆ ಅದು ಗೊತ್ತೇ ಇರಲಿಲ್ಲ."

ಆಕೆ ಪೆನ್ನಿಗೆ ಮುಚ್ಚಳ ಹಾಕಿದರು.

"ಅವಳಿಗೆ ಗೊತ್ತಾಗಿತ್ತು ರೀ. ರದ್ದಿಗೆ ಹಾಕಮ್ಮ ಅಂತ ಅವಳೇ ಕೊಟ್ಟ ಪುಸ್ತಕ ಇದು. ಅವಳು ಹೋದಮೇಲೆ ನಾಲ್ಕು ತಿಂಗಳು ತುಟಿ ಬಿಚ್ಚದೆ ಕೂತಿದ್ದ ನೀವು ಮೊದಲ ಸಲ ಬಾಯಿಬಿಟ್ಟಿದ್ದು, ಇದೇನು ಲೆಕ್ಕ ಅಂತ ಕೇಳೋಕೆ."