ಹಿತ್ತಲಲ್ಲಿ ಕೂಗಿದ ಹಕ್ಕಿ

ಪುಟ್ಟಬಸಪ್ಪನವರು ಹಾಸಿಗೆ ಹಿಡಿದ ಮೇಲೆ ಹಿತ್ತಲಲ್ಲಿ ರಾತ್ರಿಯೆಲ್ಲ ಒಂದು ಹಕ್ಕಿ ಕೂಗತೊಡಗಿತು. ಗೂಬೆಯೇ ಆಗಿದ್ದರೆ ಮನೆಯಲ್ಲಿ ಸಾವು ಖಂಡಿತ ಎಂದು ಸೊಸೆಯರು ಪಿಸುಗುಟ್ಟಿದರು. ಪರವೂರಿನಿಂದ ಬಂದು ಕೂತಿದ್ದ ಮಕ್ಕಳು, ಹಕ್ಕಿಗಳ ಕೂಗು ಬಲ್ಲ ಕಾಲೇಜು ಮೇಷ್ಟ್ರೊಬ್ಬರನ್ನು ಕರೆಸಿದರು.

ಮೇಷ್ಟ್ರು ಕತ್ತಲಲ್ಲಿ ನಿಂತು ಬಹಳ ಹೊತ್ತು ಆಲಿಸಿದರು. ನಗುತ್ತಾ ಒಳಗೆ ಬಂದರು.

"ಇದು ಗೂಬೆ ಅಲ್ಲ, ನತ್ತಿಂಗ. ಹುಳ ತಿನ್ಕೊಂಡು ಬದುಕೋ ಪಾಪದ ಹಕ್ಕಿ. ನಿಮ್ಮ ತಂದೆಯವರಿಗೆ ಏನೂ ಆಗಲ್ಲ, ಹೆದರಬೇಡಿ."

ಸೊಸೆಯರು ಮುಖ ಮುಖ ನೋಡಿಕೊಂಡರು.

"ಖಂಡಿತಾನಾ ಸರ್?" ಎಂದು ಕಿರಿಯ ಮಗ ಕೇಳಿದ.

"ಅನುಮಾನಾನೇ ಬೇಡ."

ಹಿರಿಯ ಮಗ ಮೇಷ್ಟ್ರ ಕೈ ಹಿಡಿದುಕೊಂಡ.

"ಇನ್ನೊಂದ್ಸಲ ಸರಿಯಾಗಿ ಕೇಳಿ ನೋಡಿ ಸರ್. ನಮಗ್ಯಾರಿಗೂ ಇನ್ನು ರಜೆ ಉಳಿದಿಲ್ಲ."